ಪೆಟ್ಟಿಗೆಯೊಳಗಿನ ಎಕ್ಸ್‌ಪಿ ಮತ್ತು ಸೆರೆಸಿಕ್ಕ ಕನ್ನಡ

ಹೊರನಾಡಿನ ಕನ್ನಡ ಸಂಘಗಳ, ಸಣ್ಣ ಪ್ರಕಾಶಕರ, ಡಿಟಿಪಿ ಮಾಡಿಕೊಡುವ ಗೆಳೆಯರ ನಡುವೆ ಈಗೊಂದು ಸಮಾಧಾನದ ಮಾತು ಚಾಲ್ತಿಯಲ್ಲಿದೆ. ‘ಹಳೆಯ ಕಂಪ್ಯೂಟರ್ ಕೆಟ್ಟುಹೋಯಿತು, ಆದರೆ ತೊಂದರೆಯೇನಿಲ್ಲ. ವಿಂಡೋಸ್ ಎಕ್ಸ್‌ಪಿಯನ್ನು ಹಾಗೇ ವರ್ಚುವಲ್ ಮಷೀನಿಗೆ ಹಾಕಿಸಿದ್ದೇವೆ. ಪೇಜ್‌ಮೇಕರ್ ಓಡುತ್ತಿದೆ, ಫಾಂಟು ಬರುತ್ತಿದೆ, ಹಳೆಯ ಫೈಲುಗಳೆಲ್ಲ ತೆರೆಯುತ್ತಿವೆ. ಇನ್ನು ಹತ್ತು ವರ್ಷ ಚಿಂತೆಯಿಲ್ಲ.’ ಇದರಲ್ಲಿ ಕೊನೆಯ ವಾಕ್ಯವೊಂದನ್ನು ಬಿಟ್ಟರೆ ಉಳಿದದ್ದೆಲ್ಲ ನಿಜ. ನನ್ನ ಜಗಳ ಇರುವುದು ಆ ಕೊನೆಯ ವಾಕ್ಯದ ಜೊತೆಗೆ.

ಮುಂಬಯಿಯಲ್ಲೋ ಪುಣೆಯಲ್ಲೋ ಬಾಡಿಗೆಗಿದ್ದವರಿಗೆಲ್ಲ ಹನ್ನೊಂದು ತಿಂಗಳ ಕರಾರು ಏನೆಂದು ಗೊತ್ತು. ತಲೆಯ ಮೇಲೆ ಸೂರು ಇರುತ್ತದೆ, ಗ್ಯಾಸ್ ಒಲೆ ಉರಿಯುತ್ತದೆ, ಗೋಡೆಗೆ ಕ್ಯಾಲೆಂಡರನ್ನೂ ತೂಗುಹಾಕಬಹುದು. ಆದರೆ ಅದು ನಮ್ಮ ಮನೆಯಲ್ಲ ಎನ್ನುವುದನ್ನು ಮಾತ್ರ ಮರೆಯುವಂತಿಲ್ಲ. ಹಳೆಯ ಆಪರೇಟಿಂಗ್ ಸಿಸ್ಟಂಗೆ ವರ್ಚುವಲ್ ಮಷೀನ್ ಅಂಥ ಮನೆ. ಅದರಲ್ಲಿ ಎಕ್ಸ್‌ಪಿ ಓಡಿಸುವುದು ಜಾಣತನವೇ. ಆದರೆ ನಮ್ಮ ಇಪ್ಪತ್ತು ವರ್ಷದ ಕನ್ನಡ ಬರಹವನ್ನೆಲ್ಲ ಅದರೊಳಗಿಟ್ಟು, ಬಾಗಿಲು ಹಾಕಿ, ‘ಉಳಿಯಿತು’ ಎಂದುಕೊಂಡರೆ ಅದು ಹೊಣೆಗೇಡಿತನ.

ಕಂಪ್ಯೂಟರ್ ಕೆಲಸದವರಲ್ಲದ ಓದುಗರಿಗಾಗಿ ಎರಡು ಮಾತು. ವರ್ಚುವಲ್ ಮಷೀನ್ ಎಂದರೆ ಕಂಪ್ಯೂಟರಿನೊಳಗೆ ತಂತ್ರಾಂಶವೊಂದು ಕಟ್ಟಿಕೊಡುವ ಇನ್ನೊಂದು ಕಂಪ್ಯೂಟರ್. ಅದಕ್ಕೆ ತನ್ನದೇ ಹಾರ್ಡ್ ಡಿಸ್ಕ್, ತನ್ನದೇ ಮೆಮೊರಿ, ತನ್ನದೇ ಪರದೆ ಇರುವಂತೆ ತೋರುತ್ತದೆ. ವಾಸ್ತವದಲ್ಲಿ ಆ ಹಾರ್ಡ್ ಡಿಸ್ಕ್ ಎನ್ನುವುದು ನಿಮ್ಮ ಲ್ಯಾಪ್‌ಟಾಪಿನಲ್ಲಿರುವ ಒಂದು ದೊಡ್ಡ ಫೈಲು, ಅಷ್ಟೆ. ಒಳಗೆ ಕೂತ ಎಕ್ಸ್‌ಪಿ ಮಾತ್ರ ತಾನು ತನ್ನ ಕಾಲದ ಯಂತ್ರದಲ್ಲೇ ಇದ್ದೇನೆ ಎಂದುಕೊಂಡು ನಿಶ್ಚಿಂತೆಯಿಂದ ಓಡುತ್ತಿರುತ್ತದೆ.

ಈ ತಂತ್ರ ಹೊಸದೂ ಅಲ್ಲ, ಕಳ್ಳದಾರಿಯೂ ಅಲ್ಲ. ಐಬಿಎಂ ಕಂಪನಿ 1960ರ ದಶಕದಲ್ಲೇ ತನ್ನ ದೊಡ್ಡ ಯಂತ್ರಗಳಲ್ಲಿ ಇದನ್ನು ಪ್ರಯೋಗಿಸಿ, 1972ರಲ್ಲಿ ವಿಎಂ/370 ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ತಂದಿತು. ನಮ್ಮಂಥವರ ಮೇಜಿನ ಮೇಲಿನ ಯಂತ್ರಕ್ಕೆ ಅದು 1999ರಲ್ಲಿ ವಿಎಂವೇರ್ ಮೂಲಕ ಬಂತು. 2007ರಲ್ಲಿ ವರ್ಚುವಲ್‌ಬಾಕ್ಸ್ ಬಂದ ಮೇಲಂತೂ ಕಾಸಿಲ್ಲದೆಯೂ ಸಿಗುವಂತಾಯಿತು. 2009ರಲ್ಲಿ ವಿಂಡೋಸ್ 7 ತಂದಾಗ ಮೈಕ್ರೋಸಾಫ್ಟೇ ‘ಎಕ್ಸ್‌ಪಿ ಮೋಡ್’ ಎಂದು ಒಂದು ಇಡೀ ಎಕ್ಸ್‌ಪಿಯನ್ನು ವರ್ಚುವಲ್ ಮಷೀನಿನೊಳಗಿಟ್ಟು ಅದರ ಮೇಲ್ದರ್ಜೆಯ ಆವೃತ್ತಿಗಳ ಜೊತೆ ಕೊಟ್ಟಿತು. ಹಳೆಯ ತಂತ್ರಾಂಶ ಬಿಡಲಾಗದ ಸಣ್ಣ ವ್ಯಾಪಾರಿಗಳಿಗೆ ಅದೊಂದು ಅನುಕೂಲವಾಗಿತ್ತು. ಆದರೆ ಅದರ ಮುಂದಿನ ಕತೆಯನ್ನೂ ನೋಡಿ. ವಿಂಡೋಸ್ 8ರಲ್ಲಿ ಎಕ್ಸ್‌ಪಿ ಮೋಡ್ ಇರಲಿಲ್ಲ. 2014ರ ಏಪ್ರಿಲ್ 8ರಂದು ಎಕ್ಸ್‌ಪಿಗೆ ಬೆಂಬಲ ನಿಂತಾಗ ಪೆಟ್ಟಿಗೆಯೊಳಗಿನ ಎಕ್ಸ್‌ಪಿಗೂ ನಿಂತಿತು. ಕೊಟ್ಟವರೇ ಅದನ್ನು ನಡುದಾರಿಯ ತಂಗುದಾಣ ಎಂದು ಬಗೆದಿದ್ದರು. ಅದನ್ನು ಮೂಲಮನೆ ಮಾಡಿಕೊಂಡವರು ನಮ್ಮವರು.

ಅಷ್ಟಕ್ಕೂ ಕನ್ನಡ ಈ ಪೆಟ್ಟಿಗೆಯೊಳಗೆ ಹೋಗಿ ಸಿಕ್ಕಿಕೊಂಡದ್ದು ಹೇಗೆ? ತೊಂಬತ್ತರ ದಶಕದಿಂದ ಸುಮಾರು ಎರಡು ದಶಕ ನಮ್ಮ ಪುಸ್ತಕ, ಪತ್ರಿಕೆ, ಸ್ಮರಣ ಸಂಚಿಕೆಗಳಲ್ಲಿ ಬಹುಪಾಲು ಪೇಜ್‌ಮೇಕರಿನಲ್ಲಿ ಪುಟಕಟ್ಟಿದವು. ಆ ತಂತ್ರಾಂಶಕ್ಕೆ ಕನ್ನಡ ಅಕ್ಷರ ಎನ್ನುವ ಕಲ್ಪನೆಯೇ ಇರಲಿಲ್ಲ. ಆಗ ನಮ್ಮವರು ಹೂಡಿದ ಉಪಾಯ ಚತುರವಾದದ್ದು. ಇಂಗ್ಲಿಷ್ ಮತ್ತು ಯುರೋಪಿನ ಅಕ್ಷರಗಳಿಗೆ ಮೀಸಲಾದ ಸಂಖ್ಯೆಗಳ ಮೇಲೆ ಕನ್ನಡ ಅಕ್ಷರದ ತುಂಡುಗಳ ಚಿತ್ರ ಕೂರಿಸಿದರು. ಕಂಪ್ಯೂಟರಿನ ಪಾಲಿಗೆ ಅದು ಇಂಗ್ಲಿಷ್. ನಮ್ಮ ಕಣ್ಣಿಗೆ ಮಾತ್ರ ಕನ್ನಡ. ನುಡಿ, ಬರಹ, ಶ್ರೀಲಿಪಿ, ಆಕೃತಿ ಇವುಗಳ ಹಳೆಯ ಫಾಂಟುಗಳೆಲ್ಲ ಈ ಜಾಡಿನವು.

ಒಂದು ಉದಾಹರಣೆ ಕೊಟ್ಟರೆ ವಿಷಯದ ಗಾಂಭೀರ್ಯ ಗೊತ್ತಾಗುತ್ತದೆ. ನುಡಿಯ ಹಳೆಯ ಫಾಂಟಿನಲ್ಲಿ ‘ಕನ್ನಡ’ ಎಂದು ಬರೆದ ಪದವನ್ನು ಆ ಫಾಂಟಿಲ್ಲದ ಕಂಪ್ಯೂಟರಿನಲ್ಲಿ ತೆರೆದು ನೋಡಿ. ಇಂಗ್ಲಿಷಿನ ಪಿ, ತಲೆಯ ಮೇಲೆ ಗೀರಿರುವ ಎ, ಪೌಂಡಿನ ಗುರುತು, ಮತ್ತೆ ಅದೇ ಗೀರಿನ ಎ, ಜರ್ಮನ್ ಭಾಷೆಯ ಒಂದು ಎಸ್, ಆಮೇಲೆ ಕ್ಯೂ, ಕೊನೆಗೆ ಮತ್ತೊಮ್ಮೆ ಆ ಎ. ಫೈಲಿನಲ್ಲಿ ನಿಜವಾಗಿ ಇರುವುದು ಅಷ್ಟೆ. ಕನ್ನಡ ಎಂಬ ಪದ ಅದರಲ್ಲಿ ಇಲ್ಲವೇ ಇಲ್ಲ. ಫಾಂಟು ಇರುವ ತನಕ ಅದು ಕನ್ನಡದ ವೇಷ ಹಾಕಿ ಕುಣಿಯುತ್ತದೆ. ಫಾಂಟು ಹೋದ ದಿನ ವೇಷ ಕಳಚಿ ಬೀಳುತ್ತದೆ.

ಇದರಲ್ಲೊಂದು ವ್ಯಂಗ್ಯವೂ ಇದೆ. ಯೂನಿಕೋಡಿನಲ್ಲಿ ಕನ್ನಡಕ್ಕೆ ಜಾಗ ಸಿಕ್ಕಿದ್ದು 1991ರಲ್ಲಿ, ಅದರ ಮೊದಲ ಆವೃತ್ತಿಯಲ್ಲೇ. ವಿಂಡೋಸ್‌ಗಳ ಪೈಕಿ ಮೊದಲು ಕನ್ನಡ ಯೂನಿಕೋಡನ್ನು ಬಲ್ಲದ್ದಾಗಿ ಬಂದದ್ದು ಇದೇ ಎಕ್ಸ್‌ಪಿ, 2001ರಲ್ಲಿ, ತುಂಗಾ ಎಂಬ ಫಾಂಟಿನ ಸಮೇತ. ಎಂದರೆ ನಾವು ಈಗ ಪೆಟ್ಟಿಗೆಯೊಳಗಿಟ್ಟು ಕಾಪಾಡುತ್ತಿರುವ ಎಕ್ಸ್‌ಪಿಗೆ ಕನ್ನಡ ಚೆನ್ನಾಗಿ ಗೊತ್ತಿತ್ತು. ಗೊತ್ತಿಲ್ಲದ್ದು ಅದರ ಮೇಲೆ ಕೂತ ಪೇಜ್‌ಮೇಕರಿಗೆ. ಪೇಜ್‌ಮೇಕರಿನ ಏಳನೆಯ ಆವೃತ್ತಿ ಬಂದದ್ದೂ 2001ರಲ್ಲೇ. ಅದೇ ಕೊನೆಯದೂ ಆಯಿತು. 2004ರಲ್ಲಿ ಅಡೋಬಿ ಕಂಪನಿ ಅದರ ಬೆಳವಣಿಗೆ ನಿಲ್ಲಿಸಿತು. ನಾವು ನಿಲ್ಲಿಸಲಿಲ್ಲ.

ಈಗ ಆ ಪೆಟ್ಟಿಗೆಯೊಳಗೆ ಏನಿದೆ ಎಂದು ಯೋಚಿಸಿ. ಚಿತ್ತಾಲರ ‘ಶಿಕಾರಿ’ಗೆ ಭಯವಿಲ್ಲ. ಅದು ಅಚ್ಚಾಗಿ, ಮರುಮುದ್ರಣಗೊಂಡು, ಗ್ರಂಥಾಲಯಗಳಲ್ಲಿ ಕೂತಿದೆ. ದೊಡ್ಡವರ ಬರಹವನ್ನು ಕಾಯಲು ಬೇರೆಯವರಿದ್ದಾರೆ. ಭಯವಿರುವುದು ಕೆಲವೇ ನೂರು ಪ್ರತಿ ಅಚ್ಚಾಗಿ ಅತಿಥಿಗಳಿಗೆ ಹಂಚಿಹೋದ ಸಂಚಿಕೆಗಳಿಗೆ. ಹಗಲು ಹೋಟೆಲಿನಲ್ಲಿ ಲೋಟ ತೊಳೆದು ರಾತ್ರಿ ಕನ್ನಡ ಶಾಲೆಯಲ್ಲಿ ಓದಿದವರೊಬ್ಬರು ಎಪ್ಪತ್ತನೆಯ ವಯಸ್ಸಿನಲ್ಲಿ ಶಾಲೆಯ ಸ್ಮರಣ ಸಂಚಿಕೆಗೆ ಬರೆದ ನಾಲ್ಕು ಪುಟ. ಗಿರಣಿ ಮುಷ್ಕರದ ಕಾಲದ ನೆನಪು. ದೆಹಲಿಗೆ ವರ್ಗವಾಗಿ ಬಂದ ಗುಮಾಸ್ತೆಯೊಬ್ಬರ ಮೊದಲ ಚಳಿಗಾಲ. ಹವ್ಯಾಸಿ ನಾಟಕ ತಂಡದ ರಂಗಪ್ರತಿ. ಇವನ್ನು ಬರೆದವರಲ್ಲಿ ಬಹಳ ಮಂದಿ ಇನ್ನೊಮ್ಮೆ ಬರೆಯಲಿಲ್ಲ. ಈಗ ಅನೇಕರು ಇಲ್ಲವೂ ಇಲ್ಲ. ಹೊರನಾಡ ಕನ್ನಡಿಗರ ಚರಿತ್ರೆಯನ್ನು ನಾಳೆ ಯಾರಾದರೂ ಬರೆಯುವುದಾದರೆ ಅವರಿಗೆ ಬೇಕಾದ ಮೊದಲ ಆಕರ ಇವು. ಅವೆಲ್ಲ ಇಂದು ಗೀರಿನ ಎ ಮತ್ತು ಪೌಂಡಿನ ಗುರುತಾಗಿ ಒಂದು ಫೈಲಿನೊಳಗಿನ ಹಾರ್ಡ್ ಡಿಸ್ಕಿನೊಳಗಿನ ಫೋಲ್ಡರಿನಲ್ಲಿ ಬಿದ್ದಿವೆ.

ಪೆಟ್ಟಿಗೆ ಗಟ್ಟಿಯಿದೆಯೇ? ಇಲ್ಲ. ಮೊದಲನೆಯದಾಗಿ, ಎಕ್ಸ್‌ಪಿ, ಪೇಜ್‌ಮೇಕರ್, ಫಾಂಟು, ಇಪ್ಪತ್ತು ವರ್ಷದ ಫೈಲು ಎಲ್ಲವೂ ಸೇರಿ ಈಗ ಒಂದೇ ಒಂದು ಫೈಲು. ಅದು ಕೆಟ್ಟರೆ ಎಲ್ಲವೂ ಒಟ್ಟಿಗೆ ಕೆಡುತ್ತದೆ. ‘ಸ್ನ್ಯಾಪ್‌ಶಾಟ್ ತೆಗೆದಿದ್ದೇವಲ್ಲ’ ಎನ್ನುವವರಿದ್ದಾರೆ. ಸ್ನ್ಯಾಪ್‌ಶಾಟ್ ಬ್ಯಾಕಪ್ ಅಲ್ಲ. ಅದು ಮೂಲ ಡಿಸ್ಕಿನ ಮೇಲೆಯೇ ನಿಂತ ಬದಲಾವಣೆಗಳ ಪಟ್ಟಿ. ಅಡಿಪಾಯ ಕುಸಿದರೆ ಮೇಲಿನ ಅಂತಸ್ತೂ ಕುಸಿಯುತ್ತದೆ. ಅದೇ ಲ್ಯಾಪ್‌ಟಾಪಿನಲ್ಲಿರುವ ಸ್ನ್ಯಾಪ್‌ಶಾಟು ಆ ಲ್ಯಾಪ್‌ಟಾಪ್ ಲೋಕಲ್ ರೈಲಿನಲ್ಲಿ ಕಳೆದುಹೋದ ದಿನ ಯಾರನ್ನೂ ಕಾಯುವುದಿಲ್ಲ.

ಎರಡನೆಯದು ಬೀಗದ ಕತೆ. ಆ ಕಾಲದ ಕೆಲವು ಕನ್ನಡ ತಂತ್ರಾಂಶಗಳು ಕಂಪ್ಯೂಟರಿನ ಹಿಂಬದಿಗೆ ಚುಚ್ಚುವ ಒಂದು ಪುಟ್ಟ ಬೀಗದ ಜೊತೆ ಬರುತ್ತಿದ್ದವು. ಡಿಟಿಪಿಯವರು ಅದನ್ನು ಡಾಂಗಲ್ ಎನ್ನುತ್ತಾರೆ. ಯುಎಸ್‌ಬಿ ಬೀಗವಾದರೆ ವರ್ಚುವಲ್ ಮಷೀನಿಗೆ ಹೇಗೋ ದಾಟಿಸಬಹುದು. ಹಳೆಯ ಪ್ರಿಂಟರ್ ಪೋರ್ಟಿಗೆ ಚುಚ್ಚುವ ಬೀಗವಾದರೆ ಅಂಥ ಪೋರ್ಟೇ ಈಗಿನ ಲ್ಯಾಪ್‌ಟಾಪುಗಳಲ್ಲಿಲ್ಲ. ಹಣ ಕೊಟ್ಟು ಕೊಂಡ ತಂತ್ರಾಂಶ, ನಾವೇ ಬರೆದ ಲೇಖನ, ನಮ್ಮದೇ ಕಂಪ್ಯೂಟರ್. ಆದರೂ ದೇವರು ವರ ಕೊಟ್ಟರೂ ಪೂಜಾರಿ ಕೊಡ.

ಮೂರನೆಯದು, ಮನೆಯನ್ನು ಹೊತ್ತ ನೆಲವೇ ಬದಲಾಗುತ್ತಿದೆ. ವರ್ಚುವಲ್ ಮಷೀನ್ ಸಲೀಸಾಗಿ ಓಡುವುದು ಒಳಗಿನ ಸಿಸ್ಟಂ ಮತ್ತು ಹೊರಗಿನ ಯಂತ್ರ ಎರಡೂ ಒಂದೇ ಜಾತಿಯ ಪ್ರೊಸೆಸರಿನ ಭಾಷೆ ಆಡಿದಾಗ. ಆಪಲ್ ಕಂಪನಿ 2020ರಿಂದ ತನ್ನ ಮ್ಯಾಕ್‌ಗಳಿಗೆ ಹಾಕುತ್ತಿರುವ ಚಿಪ್ ಬೇರೆ ಜಾತಿಯದು. ಅದರಲ್ಲಿ ಎಕ್ಸ್‌ಪಿ ಓಡಬೇಕಾದರೆ ಪ್ರತಿ ಆಜ್ಞೆಯನ್ನೂ ಅನುವಾದಿಸಿ ಕೊಡುವ ಎಮ್ಯುಲೇಟರ್ ಬೇಕು. ಅದು ಓಡುವುದಿಲ್ಲ, ತೆವಳುತ್ತದೆ. ವಿಂಡೋಸ್ ಲ್ಯಾಪ್‌ಟಾಪುಗಳಲ್ಲೂ ಆ ಜಾತಿಯ ಚಿಪ್ ಬರತೊಡಗಿದೆ. ಸಂಘದ ಹೊಸ ಕಾರ್ಯದರ್ಶಿ ಹೊಸ ಲ್ಯಾಪ್‌ಟಾಪ್ ತಂದ ದಿನ ‘ಹತ್ತು ವರ್ಷ ಚಿಂತೆಯಿಲ್ಲ’ ಎಂಬ ಮಾತಿನ ಗಡುವು ಮುಗಿಯಬಹುದು.

ನಾಲ್ಕನೆಯದು ರೋಗದ ಭಯ. ಪೆಟ್ಟಿಗೆಯೊಳಗಿದ್ದ ಮಾತ್ರಕ್ಕೆ ಎಕ್ಸ್‌ಪಿಗೆ ಸೋಂಕು ತಗಲುವುದಿಲ್ಲ ಎಂದು ಅನೇಕರು ನಂಬಿದ್ದಾರೆ. 2017ರ ಮೇ ತಿಂಗಳಲ್ಲಿ ವಾನಾಕ್ರೈ ಎಂಬ ಸುಲಿಗೆಕೋರ ತಂತ್ರಾಂಶ ಜಗತ್ತಿನ ಲಕ್ಷಾಂತರ ಕಂಪ್ಯೂಟರುಗಳ ಫೈಲುಗಳಿಗೆ ಬೀಗ ಜಡಿದಾಗ, ಬೆಂಬಲ ನಿಲ್ಲಿಸಿ ಮೂರು ವರ್ಷವಾಗಿದ್ದ ಎಕ್ಸ್‌ಪಿಗೂ ಮೈಕ್ರೋಸಾಫ್ಟ್ ತುರ್ತು ತೇಪೆ ಕೊಡಬೇಕಾಯಿತು. ಪ್ರತಿ ಸಲ ಹಾಗೆ ಕೊಡುತ್ತಾರೆಂದು ನಂಬಲಾಗದು. ನಮ್ಮ ಡಿಟಿಪಿ ಕೋಣೆಗಳಲ್ಲಿ ಆಗುವುದೇನು? ಲೇಖಕರು ತಂದ ಪೆನ್‌ಡ್ರೈವನ್ನು ನೇರವಾಗಿ ಎಕ್ಸ್‌ಪಿಗೆ ಕೊಡುತ್ತಾರೆ. ಫೈಲು ಸಾಗಿಸಲು ಅನುಕೂಲವೆಂದು ಹೊರಗಿನ ಯಂತ್ರದ ಇಡೀ ಡ್ರೈವನ್ನೇ ಒಳಗಿನ ಎಕ್ಸ್‌ಪಿಗೆ ಹಂಚಿಕೊಟ್ಟಿರುತ್ತಾರೆ. ಇಂಟರ್‌ನೆಟ್ಟೂ ಇರುತ್ತದೆ. ಸೆರೆಮನೆ ಕಟ್ಟಿ, ಕೈದಿಯ ಕೈಗೆ ಮನೆಯ ಬೀಗದ ಕೈಗೊಂಚಲು ಕೊಟ್ಟಂತೆ. ಒಳಗಿನ ಎಕ್ಸ್‌ಪಿಗೆ ರೋಗ ಬಂದರೆ ಹಂಚಿದ ಫೋಲ್ಡರಿನ ದಾರಿಯಲ್ಲಿ ಹೊರಗಿನ ಫೈಲುಗಳಿಗೂ ಬರುತ್ತದೆ.

ಇಷ್ಟು ಹೇಳಿದರೆ ನಾಲ್ಕು ಬಗೆಯ ಉತ್ತರ ಬರುತ್ತದೆ. ಒಂದೊಂದನ್ನೇ ನೋಡೋಣ.

‘ಓಡುತ್ತಿರುವುದನ್ನು ಮುಟ್ಟಬಾರದು.’ ಇದು ನಮ್ಮ ಐಟಿ ಮಂದಿಯ ಮೆಚ್ಚಿನ ಗಾದೆ. ಬ್ಯಾಂಕಿನವರೂ ಒಂದು ಕಾಲದಲ್ಲಿ ಇದನ್ನೇ ಹೇಳುತ್ತಿದ್ದರು. ದೇಶದ ಎಟಿಎಂಗಳು ಹಣ ಕೊಡುತ್ತಲೇ ಇದ್ದವು, ಒಳಗೆ ಎಕ್ಸ್‌ಪಿ ಇತ್ತು. ಕೊನೆಗೆ 2018ರ ಜೂನಿನಲ್ಲಿ ರಿಸರ್ವ್ ಬ್ಯಾಂಕ್ ಸುತ್ತೋಲೆ ಹೊರಡಿಸಿ, ಬೆಂಬಲ ನಿಂತ ಆಪರೇಟಿಂಗ್ ಸಿಸ್ಟಂಗಳನ್ನು 2019ರ ಜೂನಿನೊಳಗೆ ಹಂತಹಂತವಾಗಿ ತೆಗೆದುಹಾಕಿ ಎಂದು ಗಡುವು ಕೊಟ್ಟ ಮೇಲೆ ಮುಟ್ಟಿದರು. ನೋಟಿಗೆ ರಿಸರ್ವ್ ಬ್ಯಾಂಕ್ ಇದೆ. ಸ್ಮರಣ ಸಂಚಿಕೆಗೆ ಗಡುವು ಕೊಡುವವರು ಯಾರೂ ಇಲ್ಲ. ಆದ್ದರಿಂದಲೇ ಯಾರೂ ಮುಟ್ಟುತ್ತಿಲ್ಲ.

‘ಪಿಡಿಎಫ್ ಇದೆಯಲ್ಲ.’ ಇದೆ. ಆ ಪಿಡಿಎಫಿನಿಂದ ಒಂದು ಸಾಲು ನಕಲು ಮಾಡಿ ಬೇರೆಡೆ ಅಂಟಿಸಿ ನೋಡಿ. ಮತ್ತೆ ಅದೇ ಪಿ, ಅದೇ ಗೀರಿನ ಎ. ಕಣ್ಣಿಗೆ ಕನ್ನಡವಾಗಿ ಕಾಣುವುದರಿಂದ ಪಿಡಿಎಫ್ ನಮಗೆ ಹೆಚ್ಚು ಮೋಸ ಮಾಡುತ್ತದೆ. ಅದರಲ್ಲಿ ಹುಡುಕಿದರೆ ಒಂದು ಹೆಸರೂ ಸಿಗುವುದಿಲ್ಲ. ಗೂಗಲ್ಲಿಗೆ ಅದು ಕಾಣುವುದಿಲ್ಲ. ಇ-ಪುಸ್ತಕವಾಗಿ ಮೊಬೈಲಿನ ಪರದೆಗೆ ಹೊಂದಿಕೊಳ್ಳುವುದಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಕಣ್ಣು ಕಾಣದ ಓದುಗರಿಗೆ ಅದು ಬರೀ ಗದ್ದಲ. ಎನ್‌ವಿಡಿಎಯಂಥ ಉಚಿತ ಪರದೆ-ಓದುಗ ತಂತ್ರಾಂಶ ಇಂದು ಯೂನಿಕೋಡ್ ಕನ್ನಡವನ್ನು ಗಟ್ಟಿಯಾಗಿ ಓದಿ ಹೇಳುತ್ತದೆ. ಅದಕ್ಕೆ ನಮ್ಮ ಪಿಡಿಎಫ್ ಕೊಟ್ಟರೆ ಅಸಂಬದ್ಧ ಅಕ್ಷರಗಳನ್ನು ಒದರುತ್ತದೆ. ‘ಎಲ್ಲ ಕನ್ನಡಿಗರಿಗೂ ಅರ್ಪಣೆ’ ಎಂದು ಮೊದಲ ಪುಟದಲ್ಲಿ ಅಚ್ಚು ಹಾಕಿಸಿದವರು ಆ ಓದುಗರನ್ನು ಕನ್ನಡಿಗರಲ್ಲಿ ಎಣಿಸಿದ್ದಾರೋ ಇಲ್ಲವೋ ಹೇಳಬೇಕು.

‘ಎಐ ಬಂದಿದೆ, ಸ್ಕ್ಯಾನ್ ಮಾಡಿದರೆ ಅದೇ ಓದಿಕೊಳ್ಳುತ್ತದೆ.’ ಮೊಳೆ ಜೋಡಿಸಿ ಅಚ್ಚು ಹಾಕಿದ ಹಳೆಯ ಪುಸ್ತಕಕ್ಕೆ ಬೇರೆ ದಾರಿಯಿಲ್ಲ, ಅದನ್ನು ಚಿತ್ರದಿಂದಲೇ ಓದಿಸಬೇಕು. ಆದರೆ ಪೇಜ್‌ಮೇಕರ್ ಫೈಲಿನಲ್ಲಿ ಅಕ್ಷರಗಳು ಒಂದೂ ತಪ್ಪದೆ ಇವೆ. ಯಾರೋ ರಾತ್ರಿಯೆಲ್ಲ ಕೂತು ಮೂರು ಸಲ ಪ್ರೂಫ್ ತಿದ್ದಿದ ಪಠ್ಯ ಅದು. ಅದನ್ನು ಕಾಗದಕ್ಕಿಳಿಸಿ, ಫೋಟೊ ಹೊಡೆದು, ಮತ್ತೆ ಯಂತ್ರದ ಕಣ್ಣಿನಿಂದ ಓದಿಸಿ, ಥ ಇದ್ದಲ್ಲಿ ಧ, ಅನುಸ್ವಾರ ಇದ್ದಲ್ಲಿ ಸೊನ್ನೆ ಬಂದದ್ದನ್ನು ಮತ್ತೊಮ್ಮೆ ತಿದ್ದುವುದು ಯಾವ ಬುದ್ಧಿವಂತಿಕೆ? ಕಣಜದಲ್ಲಿ ಭತ್ತ ಇಟ್ಟುಕೊಂಡು ಗದ್ದೆಯಲ್ಲಿ ಉದುರಿದ ಕಾಳು ಆರಿಸಿದ ಹಾಗಾಯಿತು.

ನಾಲ್ಕನೆಯ ಉತ್ತರಕ್ಕೆ ಮಾತ್ರ ನಾನು ಗೌರವ ಕೊಡುತ್ತೇನೆ, ಏಕೆಂದರೆ ಅದು ಕೆಲಸ ಮಾಡುವವರ ಬಾಯಿಂದ ಬರುತ್ತದೆ. ‘ಇಪ್ಪತ್ತೈದು ವರ್ಷದಿಂದ ಇದರಲ್ಲೇ ಕೈ ಕೂತಿದೆ. ಈಗ ಹೊಸ ಕೀಲಿಮಣೆ ಕಲಿಯಲೇ? ಆ ಚೆಂದದ ಶೀರ್ಷಿಕೆ ಫಾಂಟುಗಳು ಯೂನಿಕೋಡಿನಲ್ಲಿ ಎಲ್ಲಿವೆ?’ ಬಹಳ ಕಾಲ ಈ ದೂರು ನ್ಯಾಯವಾಗಿತ್ತು. ಇನ್‌ಡಿಸೈನ್‌ನಂಥ ತಂತ್ರಾಂಶ ಕನ್ನಡದ ಒತ್ತಕ್ಷರಗಳನ್ನು ಸರಿಯಾಗಿ ಕೂರಿಸಲು ಕಲಿತದ್ದೇ 2012ರ ಸುಮಾರಿಗೆ. ಅಲ್ಲಿಯವರೆಗೆ ವೃತ್ತಿಯವರಿಗೆ ಬೇರೆ ದಾರಿ ಕಡಿಮೆಯಿತ್ತು. ಇಂದು ಆ ಮಾತು ಸಲ್ಲದು. ಕೆ.ಪಿ. ರಾವ್ ವಿನ್ಯಾಸದ, ನುಡಿಯಲ್ಲಿ ಬಳಸುವ ಅದೇ ಕೀಲಿಮಣೆ ಯೂನಿಕೋಡಿನಲ್ಲೂ ಇದೆ. ಬೆರಳು ಹೊಸದೇನನ್ನೂ ಕಲಿಯಬೇಕಿಲ್ಲ. ಫಾಂಟುಗಳಲ್ಲಿ ನೋಟೊ, ತಿರೊ, ಬಲೂ ತಮ್ಮ, ಅನೇಕ್ ಎಂದು ಹಲವು ಉಚಿತವಾಗಿ ಸಿಗುತ್ತವೆ. ಇವುಗಳಲ್ಲಿ ಕೊನೆಯ ಎರಡನ್ನು ಮಾಡಿದ ಏಕ್ ಟೈಪ್ ತಂಡ ಇರುವುದು ನಮ್ಮ ಮುಂಬಯಿಯಲ್ಲೇ. ಇನ್ನೂ ಸಾಲದು ಎನ್ನುವುದು ನಿಜ. ಆದರೆ ಶೀರ್ಷಿಕೆಯ ಚೆಂದಕ್ಕಾಗಿ ಇಡೀ ಲೇಖನವನ್ನು ಒತ್ತೆಯಿಡುವಷ್ಟು ಕೊರತೆ ಉಳಿದಿಲ್ಲ.

ಹಾಗಾದರೆ ಆ ಪೆಟ್ಟಿಗೆ ಬೇಡವೇ? ಬೇಕು, ಖಂಡಿತ ಬೇಕು. ಇಲ್ಲಿ ನನ್ನ ಜಗಳ ಇನ್ನೊಂದು ಗುಂಪಿನ ಜೊತೆಗೂ ಇದೆ. ‘ಹಳೆಯದನ್ನೆಲ್ಲ ಎಸೆಯಿರಿ, ಇನ್ನು ಮುಂದೆ ಯೂನಿಕೋಡ್’ ಎಂದು ಘೋಷಣೆ ಕೂಗಿ, ಗುಜರಿಯವನಿಗೆ ಕಂಪ್ಯೂಟರ್ ಕೊಟ್ಟು ಕೈತೊಳೆದುಕೊಂಡವರೂ ಇದ್ದಾರೆ. ಅವರಿಗಿಂತ ಎಕ್ಸ್‌ಪಿ ಇಟ್ಟುಕೊಂಡವರು ಎಷ್ಟೋ ಮೇಲು. ಪೇಜ್‌ಮೇಕರ್ ಫೈಲನ್ನು ನಂಬಿಕೆಯಿಂದ ತೆರೆಯಲು ಪೇಜ್‌ಮೇಕರೇ ಬೇಕು. ಇನ್‌ಡಿಸೈನ್ ಕೂಡ ಸಿಎಸ್6ರ ನಂತರ ಅವನ್ನು ತೆರೆಯುವುದು ಬಿಟ್ಟಿತು. ಆದ್ದರಿಂದ ಪೆಟ್ಟಿಗೆಯನ್ನು ಕಾಪಾಡಿ. ಆದರೆ ಪಠ್ಯವನ್ನು ಹೊರತೆಗೆಯುವುದಕ್ಕಾಗಿ ಕಾಪಾಡಿ, ಒಳಗಿಡುವುದಕ್ಕಾಗಿ ಅಲ್ಲ.

ಹೊರತೆಗೆಯುವ ಕೆಲಸ ರಾಕೆಟ್ ವಿಜ್ಞಾನವೇನಲ್ಲ, ಆದರೆ ಗುಂಡಿ ಒತ್ತಿದರೆ ಮುಗಿಯುವಂಥದ್ದೂ ಅಲ್ಲ. ಮೊದಲು ಆ ವರ್ಚುವಲ್ ಡಿಸ್ಕಿನ ಎರಡು ನಕಲು ಮಾಡಿ ಎರಡು ಬೇರೆ ಮನೆಗಳಲ್ಲಿಡಬೇಕು. ಎಕ್ಸ್‌ಪಿಯ ಇಂಟರ್‌ನೆಟ್ ತೆಗೆಯಬೇಕು. ಫೈಲು ಹೊರತರಲು ಒಂದೇ ಒಂದು ಖಾಲಿ ಫೋಲ್ಡರನ್ನು ಹಂಚಿದರೆ ಸಾಕು. ಆಮೇಲೆ ಪೇಜ್‌ಮೇಕರಿನಲ್ಲಿ ಒಂದೊಂದೇ ಲೇಖನವನ್ನು ಆರ್‌ಟಿಎಫ್ ಆಗಿ ರಫ್ತು ಮಾಡಬೇಕು. ಬರಿಯ ಟೆಕ್ಸ್ಟ್ ಆಗಿ ತೆಗೆದರೆ ಯಾವ ಸಾಲು ಯಾವ ಫಾಂಟಿನಲ್ಲಿತ್ತು ಎಂಬ ಮಾಹಿತಿ ಅಳಿಸಿಹೋಗುತ್ತದೆ. ನಡುವೆ ಬಂದ ನಿಜವಾದ ಇಂಗ್ಲಿಷ್ ಪದಗಳೂ ಕನ್ನಡವೆಂದು ಪರಿವರ್ತನೆಯಾಗಿ ವಿಚಿತ್ರ ಅಕ್ಷರಗಳಾಗುತ್ತವೆ. ನುಡಿ ಮತ್ತು ಬರಹದ ಹಳೆಯ ಸಂಕೇತಗಳು ಬಹುಮಟ್ಟಿಗೆ ಒಂದೇ. ಇವಕ್ಕೆ ಸಂಚಯದಂಥ ಸ್ವಯಂಸೇವಕರ ಬಳಗ ಒದಗಿಸಿದ ಪರಿವರ್ತಕಗಳಿವೆ. ಉಳಿದ ಕಂಪನಿಗಳ ಫಾಂಟುಗಳು ಒಂದೊಂದೂ ತನ್ನದೇ ಗುಟ್ಟಿನ ಪಟ್ಟಿ ಇಟ್ಟುಕೊಂಡಿವೆ. ಅವಕ್ಕೆ ಪಟ್ಟಿಯನ್ನು ನಾವೇ ಮಾಡಿಕೊಳ್ಳಬೇಕಾಗಬಹುದು.

ತೊಡಕು ಬರುವ ಜಾಗಗಳೂ ಗೊತ್ತಿರುವಂಥವೇ. ‘ಸೂರ್ಯ’ ಎಂಬ ಪದವನ್ನೇ ನೋಡಿ. ಹಳೆಯ ಫಾಂಟಿನಲ್ಲಿ ಅರ್ಕಾವತ್ತಿನ ಗುರುತು ಕಣ್ಣಿಗೆ ಕಾಣುವ ಹಾಗೆ ಯ ಅಕ್ಷರದ ನಂತರ ಕೂತಿರುತ್ತದೆ. ಯೂನಿಕೋಡಿನಲ್ಲಿ ಉಚ್ಚಾರಣೆಯ ಕ್ರಮದಂತೆ ರ ಮೊದಲು ಬರಬೇಕು. ಪರಿವರ್ತಕ ಇದನ್ನು ತಿರುಗಿಸಿ ಕೂರಿಸಬೇಕು. ಹೆಚ್ಚಿನ ಪಾಲು ಅದೇ ಮಾಡುತ್ತದೆ. ಉಳಿದ ಅಲ್ಪಸ್ವಲ್ಪಕ್ಕೆ ಮನುಷ್ಯರ ಕಣ್ಣು ಬೇಕು, ಕನ್ನಡ ಬಲ್ಲವರ ಕಣ್ಣು.

ಈಗ ನಿಮ್ಮ ಕಡೆಗೆ ಬರುತ್ತೇನೆ. ಈ ಪುಟ ಓದುವವರಲ್ಲಿ ಎಷ್ಟೋ ಜನ ಹಿಂಜೆವಾಡಿಯಲ್ಲೋ ಐರೋಲಿಯಲ್ಲೋ ಮಾಧಾಪುರದಲ್ಲೋ ಕೂತು ಯಾವುದೋ ದೂರದೇಶದ ವಿಮಾ ಕಂಪನಿಯ ನಲವತ್ತು ವರ್ಷದ ಕೋಬಾಲ್ ದಾಖಲೆಗಳನ್ನು ಹೊಸ ವ್ಯವಸ್ಥೆಗೆ ಸಾಗಿಸುವ ಕೆಲಸ ಮಾಡುತ್ತೀರಿ. ಒಂದು ಗ್ರಾಹಕರ ಹೆಸರಿನಲ್ಲಿ ಒಂದಕ್ಷರ ತಪ್ಪಿದರೆ ಮಧ್ಯರಾತ್ರಿ ಕರೆ ಬರುತ್ತದೆ, ನೀವು ಎದ್ದು ಕೂತು ಸರಿಮಾಡುತ್ತೀರಿ. ಹಳೆಯ ಸಿಸ್ಟಂ, ಸಂಕೇತ ಬದಲಾವಣೆ, ಪರೀಕ್ಷೆ, ಬ್ಯಾಕಪ್ ಇವೆಲ್ಲ ನಿಮ್ಮ ದಿನದ ಅನ್ನ. ಇದೇ ವಿದ್ಯೆ ಬೇಕಾಗಿರುವ ಕೆಲಸ ನಿಮ್ಮ ಬಡಾವಣೆಯ ಕನ್ನಡ ಸಂಘದ ಕಪಾಟಿನಲ್ಲಿ ಬಿದ್ದಿದೆ. ಊರಿಗೆ ಉಪಕಾರಿ, ಮನೆಗೆ ಮಾರಿ ಎಂದು ಹಿರಿಯರು ಹೇಳಿದ್ದು ಇಂಥದಕ್ಕೇ. ವರ್ಷಕ್ಕೊಮ್ಮೆ ಹಳದಿ-ಕೆಂಪು ಶಾಲು ಹಾಕಿಕೊಂಡು ಪಟ ತೆಗೆಸಿಕೊಂಡರೆ ಭಾಷಾಸೇವೆ ಮುಗಿಯಿತೆನ್ನುವವರಿಗೆ ಈ ಮಾತು ಖಾರವಾಗಬಹುದು, ಆಗಲಿ.

ಇದು ಹೊರನಾಡಿನವರ ಕೈಗೆ ಮೀರಿದ್ದು ಎಂದೂ ಹೇಳಬೇಡಿ. ಕನ್ನಡದ ಕೀಲಿಮಣೆ ವಿನ್ಯಾಸ ಕೊಟ್ಟ ಕೆ.ಪಿ. ರಾವ್ ಮುಂಬಯಿಯ ಟಿಐಎಫ್‌ಆರ್‌ನಲ್ಲಿ ದುಡಿದವರು. 1996ರಲ್ಲಿ ಕನ್ನಡದ ಮೊದಲ ಅಂತರಜಾಲ ಪತ್ರಿಕೆ ‘ವಿಶ್ವಕನ್ನಡ’ ಆರಂಭಿಸಿದ ಪವನಜ ಅವರು ಬಾಬಾ ಅಣುಶಕ್ತಿ ಕೇಂದ್ರದಲ್ಲಿ ವಿಜ್ಞಾನಿಯಾಗಿದ್ದವರು. ‘ಬರಹ’ ರೂಪಿಸಿದ ಶೇಷಾದ್ರಿವಾಸು ಅವರು ಅಮೆರಿಕದಲ್ಲಿದ್ದು ಅದನ್ನು ಮಾಡಿದರು. ಊರಿಂದ ದೂರವಿದ್ದವರಿಗೆ ಕನ್ನಡವನ್ನು ಯಂತ್ರಕ್ಕೆ ಹಾಕುವ ತುರ್ತು ಮೊದಲು ಕಂಡಿತ್ತು. ಯಂತ್ರದಿಂದ ಅದನ್ನು ಬಿಡಿಸಿ ತರುವ ತುರ್ತು ಅವರ ಮುಂದಿನ ತಲೆಮಾರಿಗೆ ಕಾಣದಿರಲು ಕಾರಣವೇನು?

ಕಾರಣ ನನಗೆ ತೋಚುವುದು ಇಷ್ಟು. ವಲಸೆ ಬಂದವರು ಊರಿನ ಒಂದು ಸ್ನ್ಯಾಪ್‌ಶಾಟನ್ನು ಮನಸ್ಸಿನಲ್ಲಿಟ್ಟುಕೊಂಡು ಬದುಕುತ್ತಾರೆ. ಊರು ಬಿಟ್ಟ ದಿನದ ಬಸ್‌ಸ್ಟ್ಯಾಂಡು, ಆ ದಿನದ ಕನ್ನಡ, ಆ ದಿನದ ಹಾಡು. ಅದನ್ನು ಆಗಾಗ ತೆರೆದು ನೋಡಿದರೆ ಸಾಕು, ಊರು ಇನ್ನೂ ಇದೆ ಎನ್ನಿಸುತ್ತದೆ. ವರ್ಚುವಲ್ ಮಷೀನಿನ ಎಕ್ಸ್‌ಪಿಯೂ ನಮಗೆ ಅದೇ ಸುಖ ಕೊಡುತ್ತಿದೆ. ಹಸಿರು ಗುಡ್ಡದ ಆ ಪರದೆ, ಆ ಹಳೆಯ ಗಂಟೆಯ ಸದ್ದು, ಡಬಲ್ ಕ್ಲಿಕ್ ಮಾಡಿದರೆ ತೆರೆಯುವ 2004ರ ರಾಜ್ಯೋತ್ಸವ ಸಂಚಿಕೆ. ನೋಡಿ ಖುಷಿಪಟ್ಟು ಮುಚ್ಚುತ್ತೇವೆ. ಆದರೆ ಭಾಷೆ ನಮ್ಮ ನೆನಪಿನ ಸುಖಕ್ಕಾಗಿ ಇರುವ ಸಾಮಾನಲ್ಲ. ಹೈದರಾಬಾದಿನಲ್ಲಿ ಹುಟ್ಟಿ, ಮೊಬೈಲಿನಲ್ಲಿ ಕನ್ನಡ ಕಲಿತು, ಅಜ್ಜನ ಹೆಸರು ಹಾಕಿ ಹುಡುಕುವ ಹುಡುಗಿಗೆ ಆ ಸಂಚಿಕೆಯ ಬರಹ ಸಿಗಬೇಕು. ಅವಳಿಗೆ ಎಕ್ಸ್‌ಪಿ ಎಂದರೇನೆಂದೇ ತಿಳಿದಿರಬೇಕಾಗಿಲ್ಲ.

ಬೇಕಾದದ್ದು ಹೆಚ್ಚೇನಿಲ್ಲ. ಪ್ರತಿ ಸಂಘ ತನ್ನಲ್ಲಿರುವ ಹಳೆಯ ಸಂಚಿಕೆಗಳ, ಅವುಗಳ ಫೈಲುಗಳ, ಬಳಸಿದ ಫಾಂಟುಗಳ ಒಂದು ಪಟ್ಟಿ ಮಾಡಲಿ. ವಾರ್ಷಿಕೋತ್ಸವದ ಖರ್ಚಿನಲ್ಲಿ ಹಾರ, ಶಾಲು, ಸ್ಮರಣಿಕೆಗೆ ಇಡುವಷ್ಟನ್ನು ಒಂದೇ ಒಂದು ವರ್ಷ ಒಬ್ಬ ಹಿರಿಯ ಡಿಟಿಪಿ ಆಪರೇಟರ್‌ಗೆ ಸಂಬಳವಾಗಿ ಕೊಡಲಿ. ಆ ಫೈಲುಗಳ ಗುಟ್ಟು ಬಲ್ಲವರು ಅವರೇ, ಅವರು ಕೆಲಸದಿಂದ ನಿವೃತ್ತರಾಗುವ ಮುನ್ನ ಈ ಕೆಲಸ ಆಗಬೇಕು. ಲೇಖಕರು ಪ್ರಕಾಶಕರಿಂದ ಪುಸ್ತಕದ ಗೌರವಪ್ರತಿಗಳ ಜೊತೆ ಯೂನಿಕೋಡ್ ಪಠ್ಯವನ್ನೂ ಕೇಳಿ ಪಡೆಯಲಿ, ಕರಾರಿನಲ್ಲಿ ಬರೆಸಲಿ. ಸರ್ಕಾರ ಗ್ರಂಥಾಲಯಗಳಿಗೆ ಸಗಟಾಗಿ ಪುಸ್ತಕ ಕೊಳ್ಳುವಾಗ ಯೂನಿಕೋಡ್ ಪಠ್ಯದ ಒಂದು ಪ್ರತಿಯನ್ನು ಠೇವಣಿ ಇಡಬೇಕೆಂದು ಷರತ್ತು ಹಾಕಲಿ. ಈ ಒಂದು ಷರತ್ತಿನಿಂದ ಆಗುವಷ್ಟು ಕೆಲಸ ಹತ್ತು ವಿಚಾರಸಂಕಿರಣದಿಂದ ಆಗದು.

ಇವು ಆಗುವವರೆಗೆ ಕಾಯಬೇಕಾಗಿಯೂ ಇಲ್ಲ. ಕೋಟೆ ಸೂರೆಹೋದ ಮೇಲೆ ದಿಡ್ಡಿ ಬಾಗಿಲು ಹಾಕಿ ಫಲವಿಲ್ಲ. ಈ ಭಾನುವಾರ ನಿಮ್ಮ ಊರಿನ ಸಂಘಕ್ಕೆ ಫೋನ್ ಮಾಡಿ, ‘ಹಳೆಯ ಸಂಚಿಕೆಗಳ ಪೇಜ್‌ಮೇಕರ್ ಫೈಲು ಯಾರ ಬಳಿ ಇದೆ?’ ಎಂದು ಕೇಳಿ. ಮೂರು ಉತ್ತರ ಬರಬಹುದು. ‘ನಮ್ಮಲ್ಲೇ ವರ್ಚುವಲ್ ಮಷೀನಿನಲ್ಲಿದೆ’ ಎಂದರೆ ನಿಮಗೆ ಕೆಲಸ ಸಿಕ್ಕಿತು. ‘ಸಿಡಿಯಲ್ಲಿರಬೇಕು, ಹುಡುಕಬೇಕು’ ಎಂದರೆ ಇನ್ನೂ ಬೇಗ ಹೊರಡಿ. ‘ಅದನ್ನು ಮಾಡುತ್ತಿದ್ದವರು ತೀರಿಕೊಂಡರು’ ಎಂದರೆ ಮುಂದಿನ ಸಂಘಕ್ಕೆ ಫೋನ್ ಮಾಡಿ.